ಬಚ್ಚಲೊಲೆ ಹೊಗೆ ತಿಂದ ಟೋಕನ್: ನನ್ನ ಗುಪ್ತ ಮೇಲ್‌ಗಳೆಲ್ಲ ಹೋದವಾ?

ಮಳೆಹುಳ (ಕೋಣಂದೂರು ಹತ್ತಿರ)
ಶುಕ್ರವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕತೆ ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಾನು ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತೇನೆ. ಆಸ್ಪತ್ರೆ ಕಾಗದಗಳು, ರೋಗಿಗಳು ಸಹಿ ಹಾಕುವ ಒಪ್ಪಿಗೆ ಪತ್ರಗಳು, ಇಂಥವು. ಕೆಲಸ ಕೊಡುವವರು ಹೊರದೇಶದವರು. ಅವರದ್ದು ಒಂದೇ ಹಠ: ಮೇಲ್ ಬರುವಾಗಲೂ ಹೋಗುವಾಗಲೂ ಎನ್‌ಕ್ರಿಪ್ಟ್ ಆಗಿರಬೇಕು, ಅಂದರೆ ಕೀ ಇರುವವರು ಬಿಟ್ಟು ಬೇರೆ ಯಾರೂ ಓದದ ಹಾಗೆ ಬೀಗ ಹಾಕಿರಬೇಕು. ಹಾಗಾಗಿ 2022ರಲ್ಲಿ ಓಪನ್‌ಪಿಜಿಪಿ (ಅಂಥ ಬೀಗದ ಒಂದು ಪದ್ಧತಿ) ಕೀ ಮಾಡಿಕೊಂಡೆ. ಉಬುಂಟು ಲ್ಯಾಪ್‌ಟಾಪ್, ಮೇಲ್ ನೋಡಲು ಥಂಡರ್‌ಬರ್ಡ್, ಅದರ ಹಿಂದೆ ಬೀಗದ ಕೆಲಸಕ್ಕೆ ಜಿಎನ್‌ಯುಪಿಜಿ. ಕೀಯನ್ನು ಒಂದು ಯುಎಸ್‌ಬಿ ಟೋಕನ್‌ಗೆ ಹಾಕಿದೆ. ನೋಡಲು ಪೆನ್ ಡ್ರೈವ್ ಥರ, ಒಳಗೆ ಇರುವುದು ಸ್ಮಾರ್ಟ್ ಕಾರ್ಡ್. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಎರಡು ತರಿಸಿದ್ದೆ. ಮೊದಲನೆಯದು ಮುಗಿಸಿ ಎರಡನೆಯದಕ್ಕೆ ಹಾಕಲು ಹೋದರೆ ಕಂಪ್ಯೂಟರ್‌ನಲ್ಲಿ ಕೀಯೇ ಇಲ್ಲ. ಆಮೇಲೆ ನೋಡೋಣ ಅಂತ ಬೀರುವಿನಲ್ಲಿಟ್ಟೆ. ಅದು ಇವತ್ತಿಗೂ ಖಾಲಿ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಮಂಗಳವಾರ ತೀರ್ಥಹಳ್ಳಿಗೆ ಹೋಗಿದ್ದೆ. ಮನೆಯಲ್ಲಿ ಎರಡು ದಿನದಿಂದ ಕರೆಂಟ್ ಇರಲಿಲ್ಲ, ಇನ್ವರ್ಟರ್ ಕೂಡ ಕೈಕೊಟ್ಟಿತ್ತು. ಗೆಳತಿಯ ಮನೆಯಲ್ಲಿ ಕೂತು ಕೆಲಸ ಕಳಿಸಿದೆ. ಟೋಕನ್ ಜೆರ್ಕಿನ್ ಜೇಬಿಗೆ ಹಾಕಿಕೊಂಡು ಬಸ್ ಹತ್ತಿದೆ. ಇಳಿದು ಮನೆ ಮುಟ್ಟುವಷ್ಟರಲ್ಲಿ ತೊಪ್ಪೆ. ಅಮ್ಮ ಜೆರ್ಕಿನ್ ತೆಗೆದು ಬಚ್ಚಲೊಲೆ ಮೇಲಿನ ಗಳಕ್ಕೆ ನೇತುಹಾಕಿದರು. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದು ಅಲ್ಲೇ ಅಲ್ವಾ. ಜೇಬಿನಲ್ಲಿ ಏನಿದೆ ಅಂತ ಅವರಿಗೇನು ಗೊತ್ತು. ರಾತ್ರಿ ಕರೆಂಟ್ ಬಂತು. ನಾನು ಅಣ್ಣನ ಟೆಂಡರ್ ಕೆಲಸಕ್ಕೆ ಅವನ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್‌ನ ಸಾಫ್ಟ್‌ವೇರ್ ಲ್ಯಾಪ್‌ಟಾಪಿಗೆ ಹಾಕುತ್ತಾ ಕೂತೆ. ಜೆರ್ಕಿನ್ ಮರೆತೇ ಹೋಯಿತು.

ಬೆಳಿಗ್ಗೆ ತೆಗೆದರೆ ಟೋಕನ್‌ನ ಪ್ಲಾಸ್ಟಿಕ್ ಒಂದು ಕಡೆ ಸೊಟ್ಟಗಾಗಿದೆ. ಹೊಗೆ ವಾಸನೆ. ಚುಚ್ಚಿದರೆ ಲೈಟ್ ಒಂದು ಸಲ ಮಿಣುಕಿ ಆರುತ್ತದೆ. ಆದರೆ ಕಾರ್ಡ್ ಸ್ಟೇಟಸ್ ಕೇಳಿದರೆ ಕಾರ್ಡ್ ಇಲ್ಲ ಅನ್ನುತ್ತದೆ. ಥಂಡರ್‌ಬರ್ಡ್ ಒಂದು ಮೇಲನ್ನೂ ಬಿಚ್ಚುತ್ತಿಲ್ಲ. ಬೀರುವಿನಲ್ಲಿದ್ದ ಖಾಲಿ ಟೋಕನ್ ಚುಚ್ಚಿ ನೋಡಿದೆ. ಅದಕ್ಕೂ ಅದೇ ಉತ್ತರ. ಅದಕ್ಕೆ ಬೂಸ್ಟು ಹಿಡಿದಿರಬೇಕು, ನಮ್ಮ ಬೀರುವಿನಲ್ಲಿ ಚಪ್ಪಲಿಗೂ ಹಿಡಿಯುತ್ತದೆ.

2022ರಲ್ಲಿ ಟೋಕನ್‌ಗೆ ಹಾಕುವ ಮೊದಲು ಕೀಯ ಒಂದು ಬ್ಯಾಕಪ್ ತೆಗೆದು ಪೆನ್ ಡ್ರೈವಿನಲ್ಲಿ ಇಟ್ಟಿದ್ದೇನೆ. ಅದರ ಪಾಸ್‌ಫ್ರೇಸ್ (ಉದ್ದದ ಪಾಸ್‌ವರ್ಡ್) ನೆನಪಿದೆ ಅಂದುಕೊಂಡಿದ್ದೇನೆ. ಸೋಮವಾರಕ್ಕೆ ಕೆಲಸ ಕೊಡಬೇಕು. ಹೊಸ ಕೀ ಮಾಡಿಕೊಂಡುಬಿಡಲಾ?

---

ಗೋಪಿ ಸರ್ಕಲ್ ಹುಡುಗ
ಶುಕ್ರವಾರ, ರಾತ್ರಿ 10:05

ಸಿಂಪಲ್ ಅಕ್ಕ. ಕಾರ್ಡ್ ಎಡಿಟ್‌ಗೆ ಹೋಗಿ, ಅಡ್ಮಿನ್ ಅಂತ ಹೊಡೆದು, ಫ್ಯಾಕ್ಟರಿ ರೀಸೆಟ್ ಕೊಡಿ. ನಂದೂ ಒಂದು ಸಲ ಹೀಗೇ ಲಾಕ್ ಆಗಿತ್ತು, ರೀಸೆಟ್ ಮಾಡಿದ ಮೇಲೆ ಜಮ್ ಅಂತ ಓಡ್ತು. ಹೊಸ ಕೀ ಎರಡು ನಿಮಿಷದ ಕೆಲಸ.

---

ಸಾಗರದ ಲ್ಯಾಬ್ ಮೇಷ್ಟ್ರು
ಶುಕ್ರವಾರ, ರಾತ್ರಿ 10:50

ತಂಗಿ, ಮೊದಲು ಕೈ ಕಟ್ಟಿಕೊಂಡು ಕೂತುಕೊಳ್ಳಿ. ರೀಸೆಟ್ ಬೇಡವೇ ಬೇಡ. ಗೋಪಿ ಸರ್ಕಲ್ ತಮ್ಮಾ, ನಿಮ್ಮದು ಓಡಿತು ಸರಿ. ಆದರೆ ಒಳಗಿದ್ದ ಕೀ ಅಳಿಸಿ ಹೋಗಿದ್ದಕ್ಕೇ ಅದು ಓಡಿದ್ದು. ನಿಮಗೆ ಹಳೆ ಮೇಲ್ ಬೇಕಿರಲಿಲ್ಲ, ಅಷ್ಟೇ. ಈ ತಂಗಿಗೆ ಬೇಕು. ಹೊಸ ಬೀಗ ತಂದರೆ ಹಳೆ ಪೆಟ್ಟಿಗೆ ತೆರೆಯುವುದಿಲ್ಲ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಚ್ಚಲಿಗೆ ಹೋದ ಟೋಕನ್ ಸಿಗುತ್ತಿಲ್ಲ. ಬಚ್ಚಲ ಮುಖವನ್ನೇ ನೋಡದ ಟೋಕನ್ ಕೂಡ ಸಿಗುತ್ತಿಲ್ಲ. ಎರಡೂ ಒಂದೇ ರಾತ್ರಿಯಲ್ಲಿ ಸತ್ತವಾ? ಅವುಗಳನ್ನು ಬಿಟ್ಟು ಆ ರಾತ್ರಿ ಬದಲಾದದ್ದು ಒಂದೇ, ನಿಮ್ಮ ಅಣ್ಣನ ಡಿಎಸ್‌ಸಿ ಸಾಫ್ಟ್‌ವೇರ್. ನನಗೆ ಅನುಮಾನ ಅದರ ಮೇಲೆ. ಲೈಟ್ ಮಿಣುಕುತ್ತದೆ ಅಂದರೆ ಟೋಕನ್‌ಗೆ ಉಸಿರು ಇದೆ.

ಒಳಗೆ ಆಗುವುದು ಹೀಗೆ. ಜಿಎನ್‌ಯುಪಿಜಿ ಕಾರ್ಡ್ ಜೊತೆ ಮಾತಾಡುವುದು ಎಸ್‌ಸಿಡೀಮನ್ ಎಂಬ ಸಣ್ಣ ಪ್ರೋಗ್ರಾಂ ಮೂಲಕ. ಅದಕ್ಕೆ ಯುಎಸ್‌ಬಿಯನ್ನು ನೇರವಾಗಿ ಹಿಡಿದುಕೊಳ್ಳುವ ಅಭ್ಯಾಸ. ಡಿಎಸ್‌ಸಿ ಸಾಫ್ಟ್‌ವೇರ್ ಹಾಕಿದಾಗ ಅದರ ಹಿಂದೆಯೇ ಪಿಸಿಎಸ್‌ಸಿಡಿ ಅನ್ನುವ ಇನ್ನೊಂದು ಸೇವೆ ಬಂದು ಕೂರುತ್ತದೆ. ಅದೂ ಟೋಕನ್ ಕಂಡರೆ ಹಿಡಿದುಕೊಳ್ಳುತ್ತದೆ. ಒಂದೇ ಗೇಟಿಗೆ ಇಬ್ಬರು ವಾಚ್‌ಮನ್. ಮೊದಲು ಬಂದವನು ಬಿಡುವುದಿಲ್ಲ, ಎರಡನೆಯವನು ಬಂದು ನಿಮಗೆ ಕಾರ್ಡ್ ಇಲ್ಲ ಅಂತ ವರದಿ ಕೊಡುತ್ತಾನೆ.

ಮನೆ ಫೋಲ್ಡರಿನೊಳಗೆ ಡಾಟ್ ಜಿಎನ್‌ಯುಪಿಜಿ ಅನ್ನುವ ಅಡಗಿದ ಫೋಲ್ಡರ್ ಇರುತ್ತದೆ. ಅದರಲ್ಲಿ ಎಸ್‌ಸಿಡೀಮನ್ ಡಾಟ್ ಕಾನ್ಫ್ ಎಂಬ ಫೈಲ್ ಮಾಡಿ, ಒಳಗೆ ಒಂದೇ ಸಾಲು ಬರೆಯಿರಿ: ಡಿಸೇಬಲ್-ಸಿಸಿಐಡಿ. ಆಗ ಅದು ನೇರ ಹಿಡಿಯುವ ಹಠ ಬಿಟ್ಟು ಪಿಸಿಎಸ್‌ಸಿಡಿಯನ್ನೇ ಕೇಳುತ್ತದೆ. ಆಮೇಲೆ ಜಿಪಿಜಿಕಾನ್ಫ್, ಎರಡು ಹೈಫನ್ ಕಿಲ್, ಎಸ್‌ಸಿಡೀಮನ್ ಅಂತ ಕೊಟ್ಟು ಟೋಕನ್ ತೆಗೆದು ಚುಚ್ಚಿ. (ಫೋನಿನಿಂದ ಬರೆಯುತ್ತಿದ್ದೇನೆ, ಅದಕ್ಕೇ ಎಲ್ಲಾ ಕನ್ನಡದಲ್ಲಿ. ನೀವು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.)

ಕಾರ್ಡ್ ಸಿಕ್ಕಿದರೆ ಸ್ಟೇಟಸ್‌ನಲ್ಲಿ ಪಿನ್ ರಿಟ್ರೈ ಕೌಂಟರ್ ಅಂತ ಮೂರು ಅಂಕೆ ಬರುತ್ತವೆ, ಪಿನ್ ಹೊಡೆಯಲು ಇನ್ನೆಷ್ಟು ಸಲ ಉಳಿದಿದೆ ಅನ್ನುವ ಲೆಕ್ಕ. ಸಾಮಾನ್ಯವಾಗಿ 3 0 3. ಮೊದಲನೆಯದು ದಿನಬಳಕೆಯ ಪಿನ್, ಕೊನೆಯದು ಅಡ್ಮಿನ್ ಪಿನ್. ಮೂರು ಸಲ ತಪ್ಪು ಹೊಡೆದರೆ ದಿನಬಳಕೆಯ ಪಿನ್ ಲಾಕ್. ಅದನ್ನು ಅಡ್ಮಿನ್ ಪಿನ್‌ನಿಂದ ಬಿಡಿಸಬಹುದು. ಅಡ್ಮಿನ್ ಪಿನ್ನೂ ಮೂರು ಸಲ ತಪ್ಪಿದರೆ ಉಳಿಯುವುದು ತಮ್ಮ ಹೇಳಿದ ರೀಸೆಟ್ ಒಂದೇ, ಕೀ ಸಮೇತ ಎಲ್ಲಾ ಹೋಗುತ್ತದೆ.

ಇನ್ನೊಂದು ಕೇಳಬೇಕು. 2022ರ ಕೀಗೆ ಅವಧಿ ಹಾಕಿದ್ದಿರಾ? ಹಾಕಿದ್ದರೆ ಅದು ಮುಗಿದಾಗ ಏನು ಮಾಡಿದಿರಿ? ಅವಧಿ ಮುಂದೆ ಹಾಕಿದಿರಾ, ಹೊಸ ಸಬ್‌ಕೀ (ಮುಖ್ಯ ಕೀಗೆ ಜೋಡಿಸಿದ ಉಪಕೀ) ಮಾಡಿದಿರಾ? ಎರಡಕ್ಕೂ ಅಜಗಜಾಂತರ ಇದೆ.

---

ಮಳೆಹುಳ
ಶನಿವಾರ, ಬೆಳಿಗ್ಗೆ 7:15

ಮೇಷ್ಟ್ರೇ, ನಿಮ್ಮ ಬಾಯಿಗೆ ತೊಡೆದೇವು ಹಾಕಬೇಕು. ಆ ಒಂದು ಸಾಲು ಬರೆದೆ. ಸೊಟ್ಟ ಟೋಕನ್ ಚುಚ್ಚಿದೆ. ಎದ್ದು ಕೂತಿತು! ಅಮ್ಮನಿಗೆ ಎರಡು ದಿನದಿಂದ ಮುಖ ಕೊಟ್ಟು ಮಾತಾಡಿರಲಿಲ್ಲ, ಈಗ ಹೋಗಿ ಕಾಫಿ ಕೇಳಿದೆ. ಬಚ್ಚಲೊಲೆಯದ್ದು ಏನೂ ತಪ್ಪಿಲ್ಲ.

ಕೌಂಟರ್ 2 0 3 ಇತ್ತು. ಖುಷಿಯಲ್ಲಿ ಅಣ್ಣನ ಡಿಎಸ್‌ಸಿ ಪಿನ್ ಹೊಡೆದುಬಿಟ್ಟಿದ್ದೆ. ಸರಿ ಪಿನ್ ಹಾಕಿದ ಮೇಲೆ ಮತ್ತೆ 3 ಆಯಿತು.

ನಿಮ್ಮ ಎರಡನೇ ಪ್ರಶ್ನೆ ಓದಿ ಮಾತ್ರ ಹೊಟ್ಟೆಯೊಳಗೆ ಏನೋ ಆಯಿತು. ಎರಡು ವರ್ಷದ ಅವಧಿ ಹಾಕಿದ್ದೆ. 2024ರಲ್ಲಿ ಮುಗಿಯಿತು. ಮುಖ್ಯ ಕೀಯ ಅವಧಿ ಮುಂದೆ ಹಾಕಿದೆ. ಎನ್‌ಕ್ರಿಪ್ಷನ್ ಸಬ್‌ಕೀ ಮಾತ್ರ ಹೊಸದು ಮಾಡಿದರೆ ಒಳ್ಳೆಯದು ಅಂತ ಎಲ್ಲೋ ಓದಿದ್ದೆ. ಹೊಸದು ಮಾಡಿ ಅದೇ ಟೋಕನ್‌ಗೆ ಹಾಕಿ ಸೇವ್ ಕೊಟ್ಟೆ. ಇದರ ಬ್ಯಾಕಪ್ ತೆಗೆದ ನೆನಪಿಲ್ಲ. ಪೆನ್ ಡ್ರೈವಿನಲ್ಲಿ ಇರುವುದು 2022ರದ್ದು ಮಾತ್ರ.

ಇನ್ನೂ ಒಂದು ಈಗ ಗಮನಕ್ಕೆ ಬಂತು. 2024ಕ್ಕಿಂತ ಹಳೆಯ ಮೇಲ್ ಒಂದೂ ತೆರೆಯುತ್ತಿಲ್ಲ. ಟೋಕನ್ ಸರಿಯಿದೆ, ಪಿನ್ ಸರಿಯಿದೆ, ಆದರೂ ಇಲ್ಲ. ಎರಡು ವರ್ಷದ ಕೆಲಸ ಅದು. ಹಳೆಯದನ್ನು ತೆಗೆದು ನೋಡುವ ಸಂದರ್ಭವೇ ಬಂದಿರಲಿಲ್ಲ, ಗೊತ್ತಾಗಿರಲಿಲ್ಲ.

---

ಲೆಕ್ಕದ ಪುಸ್ತಕ (ದುರ್ಗಿಗುಡಿ)
ಶನಿವಾರ, ಬೆಳಿಗ್ಗೆ 11:30

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವನು. ನಮ್ಮ ಟೇಬಲ್ ಡ್ರಾಯರ್ ತುಂಬ ಪಾರ್ಟಿಗಳ ಡಿಎಸ್‌ಸಿ ಟೋಕನ್. ಪ್ರತಿಯೊಂದಕ್ಕೂ ಬಿಳಿ ಸ್ಟಿಕ್ಕರ್, ಅದರ ಮೇಲೆ ಹೆಸರು, ಕೆಳಗೆ ಪಿನ್. (ಗೊತ್ತು, ಬೈಯಬೇಡಿ. ನಾನು ಸೇರುವ ಮುಂಚಿನಿಂದ ಹೀಗೇ ಇದೆ.) ಈ ಮೇಲ್ ಕೀಯನ್ನು ಡಿಎಸ್‌ಸಿ ಟೋಕನ್‌ಗೇ ಹಾಕಿದರೆ ಆಗಲ್ವಾ? ಬೇರೆ ಯಾಕೆ ಕೊಳ್ಳಬೇಕು? ನನ್ನ ಹತ್ತಿರ ಅವಧಿ ಮುಗಿದ ಟೋಕನ್ ಬೇಕಾದಷ್ಟಿವೆ.

---

ಸಾಗರದ ಲ್ಯಾಬ್ ಮೇಷ್ಟ್ರು
ಶನಿವಾರ, ಮಧ್ಯಾಹ್ನ 3:20

ಮೊದಲು ದುರ್ಗಿಗುಡಿಯವರಿಗೆ, ಅದು ಬೇಗ ಮುಗಿಯುತ್ತದೆ. ಆಗಲ್ಲ. ಡಿಎಸ್‌ಸಿ ಎಕ್ಸ್.509 ಪದ್ಧತಿಯದ್ದು, 2000ದ ಐಟಿ ಕಾಯ್ದೆ ಪ್ರಕಾರ ಲೈಸೆನ್ಸ್ ಇರುವ ಸಂಸ್ಥೆ ಕೊಡುವಂಥದ್ದು. ಆ ಪದ್ಧತಿಯ ಮೇಲ್‌ಗೆ ಎಸ್/ಮೈಮ್ ಅನ್ನುತ್ತಾರೆ. ಈ ತಂಗಿಗೆ ಬೇಕಿರುವುದು ಓಪನ್‌ಪಿಜಿಪಿ. ಅದಕ್ಕೆ ಟೋಕನ್‌ನ ಒಳಗೇ ಓಪನ್‌ಪಿಜಿಪಿ ಅಪ್ಲಿಕೇಶನ್ ಇರಬೇಕು. ಕೊಳ್ಳುವಾಗಲೂ ಎಡವುತ್ತಾರೆ: ಯೂಬಿಕೀ 5 ಸರಣಿಯಲ್ಲಿ ಅದು ಇದೆ, ಅದೇ ಕಂಪನಿಯ ಸೆಕ್ಯುರಿಟಿ ಕೀ ಎಂಬ ಅಗ್ಗದ ಸರಣಿಯಲ್ಲಿ ಇಲ್ಲ. ಇನ್ನು ಆ ಸ್ಟಿಕ್ಕರ್. ಖಾಸಗಿ ಕೀ ಸ್ವಂತದವರ ಹಿಡಿತದಲ್ಲೇ ಇರಬೇಕು ಅಂತ ಅದೇ ಕಾಯ್ದೆಯ 42ನೇ ಕಲಂ ಹೇಳುತ್ತದೆ. ಪಿನ್ ಬರೆದ ಭಾಗವನ್ನಾದರೂ ಇವತ್ತು ಕೀಳಿರಿ, ಪುಣ್ಯ ಬರುತ್ತದೆ.

ಈಗ ತಂಗಿಯ ಕತೆ. ಹಳೆ ಮೇಲ್ ಯಾಕೆ ತೆರೆಯುತ್ತಿಲ್ಲ? ಓಪನ್‌ಪಿಜಿಪಿ ಕಾರ್ಡಿನಲ್ಲಿ ಇರುವುದು ಮೂರೇ ಗೂಡು. ಒಂದು ಸಹಿಗೆ, ಒಂದು ಮೇಲ್ ಬಿಚ್ಚುವುದಕ್ಕೆ, ಒಂದು ಲಾಗಿನ್‌ಗೆ. ಬಿಚ್ಚುವ ಗೂಡು ಒಂದೇ. 2024ರಲ್ಲಿ ಹೊಸ ಸಬ್‌ಕೀಯನ್ನು ಅದೇ ಗೂಡಿಗೆ ಹಾಕಿದಿರಿ, ಹಳೆಯದು ಅಳಿಸಿ ಹೋಯಿತು. ಹಾಕುವಾಗ ಎಚ್ಚರಿಕೆ ಬಂದಿರುತ್ತದೆ, ನೀವು ಹೌದು ಅಂದಿರುತ್ತೀರಿ. ನಾನೂ ಅಂದಿದ್ದೇನೆ.

2022ರಲ್ಲಿ ಎರಡನೇ ಟೋಕನ್‌ಗೆ ಕೀ ಸಿಗದಿದ್ದಕ್ಕೂ ಉತ್ತರ ಹತ್ತಿರದಲ್ಲೇ ಇದೆ. ಕೀ-ಟು-ಕಾರ್ಡ್ ಕಮಾಂಡ್ ಕೊಟ್ಟು ಸೇವ್ ಮಾಡಿದರೆ ಅದು ನಕಲು ಅಲ್ಲ, ಸ್ಥಳಾಂತರ. ಕಂಪ್ಯೂಟರ್‌ನಲ್ಲಿ ಉಳಿಯುವುದು ಒಂದು ಚೀಟಿ ಮಾತ್ರ: ಕೀ ಇಂಥ ನಂಬರಿನ ಕಾರ್ಡಿನಲ್ಲಿದೆ ಅಂತ. ಸ್ಟಬ್ ಅನ್ನುತ್ತಾರೆ. ಎರಡು ಕಾರ್ಡ್ ಮಾಡುವವರು ಮೊದಲನೆಯದಕ್ಕೆ ಹಾಕಿ ಸೇವ್ ಮಾಡದೆ ಹೊರಬರಬೇಕು. ಇಲ್ಲವೇ ಬ್ಯಾಕಪ್‌ನಿಂದ ಮತ್ತೆ ಶುರು ಮಾಡಬೇಕು.

ನಿಮ್ಮ ಲೆಕ್ಕ ಈಗ ಹೀಗಿದೆ. 2022ರ ಬಿಚ್ಚುವ ಕೀ ಪೆನ್ ಡ್ರೈವಿನಲ್ಲಿ ಮಾತ್ರ. 2024ರದ್ದು ಸೊಟ್ಟ ಟೋಕನ್‌ನಲ್ಲಿ ಮಾತ್ರ. ಕಾರ್ಡಿನಿಂದ ಕೀ ಹೊರಗೆ ತೆಗೆಯಲು ಆಗುವುದಿಲ್ಲ, ಕಾರ್ಡ್ ಮಾಡಿರುವುದೇ ಹಾಗೆ ಆಗದಿರಲಿ ಅಂತ. ನನಗೆ ಸಹಿ ಕೀ ಬಗ್ಗೆ ಚಿಂತೆಯೇ ಇಲ್ಲ. ಅದು ಹೋದರೆ ಹೊಸದು ಮಾಡಿದರಾಯಿತು, ಹಿಂದೆ ಹಾಕಿದ ಸಹಿಯನ್ನು ಪಬ್ಲಿಕ್ ಕೀಯಿಂದಲೇ (ಬೇರೆಯವರಿಗೆ ಕೊಡುವ, ಗುಟ್ಟಲ್ಲದ ಅರ್ಧ) ಪರೀಕ್ಷಿಸಬಹುದು. ಬಿಚ್ಚುವ ಕೀ ಹೋದರೆ ಹಳೆ ಮೇಲ್ ಮಣ್ಣು. ಆದ್ದರಿಂದ ಅದೊಂದರ ಪ್ರತಿ ಕಾರ್ಡಿನ ಹೊರಗೂ ಇರಲೇಬೇಕು. ಕಾರ್ಡ್ ಇರುವುದು ದಿನಾ ಬಳಸುವುದಕ್ಕೆ, ಜೋಪಾನಕ್ಕಲ್ಲ.

ಬಿಸಿ ತಿಂದ ಟೋಕನ್ ಎಷ್ಟು ದಿನ ಬಾಳುತ್ತದೋ ಗ್ಯಾರಂಟಿ ಇಲ್ಲ. ಇವತ್ತೇ 2024ರಿಂದ ಈಚಿನ ಮೇಲ್‌ಗಳ ಬಿಚ್ಚಿದ ಪ್ರತಿ ಮಾಡಿಕೊಳ್ಳಿ. ಮೇಲ್‌ಗಳನ್ನು ಆಯ್ದು ಬಿಚ್ಚಿದ ಪ್ರತಿಯನ್ನು ಬೇರೆ ಫೋಲ್ಡರಿಗೆ ಹಾಕುವ ಸೌಲಭ್ಯ ಥಂಡರ್‌ಬರ್ಡ್‌ನಲ್ಲಿದೆ. ಫೋಲ್ಡರ್ ಮಾತ್ರ ಲೋಕಲ್ ಫೋಲ್ಡರ್ಸ್ ಕೆಳಗಿನದ್ದಾಗಿರಲಿ. ಮೇಲ್ ಸರ್ವರಿನ ಫೋಲ್ಡರಿಗೆ ಹಾಕಿದರೆ ಬಿಚ್ಚಿದ ಕಾಗದ ಊರೂರು ಸುತ್ತಿ ಬರುತ್ತದೆ. ಲ್ಯಾಪ್‌ಟಾಪಿನ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ ತಾನೇ?

ಆಮೇಲೆ ಬೀರುವಿನ ಟೋಕನ್. ನಾನಾದರೆ ಟೇಲ್ಸ್ (ಪೆನ್ ಡ್ರೈವಿನಿಂದಲೇ ಓಡುವ ಆಪರೇಟಿಂಗ್ ಸಿಸ್ಟಂ) ಹಾಕಿದ ಪೆನ್ ಡ್ರೈವಿನಿಂದ ಲ್ಯಾಪ್‌ಟಾಪ್ ಎಬ್ಬಿಸಿ, ನೆಟ್ ಹಚ್ಚದೆ ಮಾಡುತ್ತೇನೆ. ಅದರಲ್ಲಿ ಜಿಎನ್‌ಯುಪಿಜಿ ಇದ್ದೇ ಇರುತ್ತದೆ, ಆಫ್ ಮಾಡಿದರೆ ಏನೂ ಉಳಿಯುವುದಿಲ್ಲ. 2022ರ ಬ್ಯಾಕಪ್ ಇಂಪೋರ್ಟ್ ಮಾಡಿ. ಮೇಲಿಂದ ಈಗಿನ ಪಬ್ಲಿಕ್ ಕೀಯನ್ನೂ ಇಂಪೋರ್ಟ್ ಮಾಡಿ, ಇಲ್ಲದಿದ್ದರೆ ಅವಧಿ ಮುಗಿದಿದೆ ಅಂತ ಗೊಣಗುತ್ತದೆ. ಹೊಸ ಎನ್‌ಕ್ರಿಪ್ಷನ್ ಸಬ್‌ಕೀ ಮಾಡಿ. ಈಗ ನಿಲ್ಲಿ. ಕಾರ್ಡ್ ಮುಟ್ಟುವ ಮೊದಲೇ ಪೂರ್ತಿ ರಹಸ್ಯ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಎರಡು ಪೆನ್ ಡ್ರೈವಿಗೆ ಹಾಕಿ. ಇದಾದ ಮೇಲೆ ಬೀರುವಿನ ಟೋಕನ್ ಚುಚ್ಚಿ, ಪಿನ್‌ಗಳನ್ನು ಬದಲಾಯಿಸಿ. ಹೊಸದರಲ್ಲಿ ಸಾಮಾನ್ಯವಾಗಿ 123456, ಅಡ್ಮಿನ್‌ಗೆ 12345678 ಇರುತ್ತದೆ, ಜಗತ್ತಿಗೆಲ್ಲ ಗೊತ್ತಿರುವುದು. ಕೊನೆಗೆ ಮುಖ್ಯ ಕೀ ಸಹಿಯ ಗೂಡಿಗೆ, ಹೊಸ ಸಬ್‌ಕೀ ಬಿಚ್ಚುವ ಗೂಡಿಗೆ.

ಕಾರ್ಡಿನೊಳಗೇ ಕೀ ಹುಟ್ಟಿಸುವ ದಾರಿಯೂ ಇದೆ. ನಾನು ಅದನ್ನು ಬಳಸುವುದಿಲ್ಲ. ಪ್ರತಿ ಸಿಗುವುದಿಲ್ಲ ಅನ್ನುವುದು ಒಂದು. ಇನ್ನೊಂದು, 2017ರಲ್ಲಿ ಇನ್ಫಿನಿಯನ್ ಕಂಪನಿಯ ಚಿಪ್‌ಗಳಲ್ಲಿ ಹುಟ್ಟಿದ ಆರ್‌ಎಸ್‌ಎ ಎಂಬ ಬಗೆಯ ಕೀಗಳು ಟೊಳ್ಳು ಅಂತ ಗೊತ್ತಾಯಿತು. ಎಸ್ಟೋನಿಯಾ ದೇಶದ ಗುರುತಿನ ಚೀಟಿಗಳೂ ಅದರಲ್ಲಿ ಸಿಕ್ಕಿಕೊಂಡವು. ಕಂಪ್ಯೂಟರ್‌ನಲ್ಲಿ ಮಾಡಿ ಕಾರ್ಡಿಗೆ ಸಾಗಿಸಿದ ಕೀಗಳಿಗೆ ಏನೂ ಆಗಲಿಲ್ಲ.

ಲ್ಯಾಪ್‌ಟಾಪಿಗೆ ಮರಳಿದ ಮೇಲೆ ಅದು ಇನ್ನೂ ಸೊಟ್ಟ ಟೋಕನ್‌ನ ನಂಬರನ್ನೇ ಕೇಳುತ್ತದೆ, ಗಾಬರಿಯಾಗಬೇಡಿ. ಹೊಸ ಪಬ್ಲಿಕ್ ಕೀ ಇಂಪೋರ್ಟ್ ಮಾಡಿ, ಡಿಲೀಟ್-ಸೀಕ್ರೆಟ್-ಕೀಸ್ ಕೊಟ್ಟು ಹಳೆ ಚೀಟಿ ಅಳಿಸಿ, ಹೊಸ ಟೋಕನ್ ಚುಚ್ಚಿ ಕಾರ್ಡ್ ಸ್ಟೇಟಸ್ ಕೇಳಿ. ಚೀಟಿ ಹೊಸದಾಗಿ ಬರೆದುಕೊಳ್ಳುತ್ತದೆ. 2022ರ ಸಬ್‌ಕೀಯನ್ನು ಬ್ಯಾಕಪ್‌ನಿಂದ ಬೇರೆಯಾಗಿ ತೆಗೆಯಬಹುದು. ಸಬ್‌ಕೀ ಎಕ್ಸ್‌ಪೋರ್ಟ್ ಮಾಡುವಾಗ ಅದರ ಐಡಿ ಕೊನೆಗೆ ಆಶ್ಚರ್ಯಚಿಹ್ನೆ ಹಾಕಿದರೆ ಅದೊಂದೇ ಹೊರಬರುತ್ತದೆ. ಅದನ್ನು ಬಲವಾದ ಪಾಸ್‌ಫ್ರೇಸ್ ಜೊತೆ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳಿ, ಹಳೆ ಮೇಲ್ ತೆರೆಯುತ್ತದೆ. ಕೆಲವರು ಇದಕ್ಕೆ ಮೂಗು ಮುರಿಯುತ್ತಾರೆ. ಮುರಿಯಲಿ.

ಮುಂದೆ ಅವಧಿ ಮುಗಿದರೆ ಸುಮ್ನೆ ಅವಧಿ ಮುಂದೆ ಹಾಕಿ. ರಹಸ್ಯ ಕೀ ಅದೇ ಇರುತ್ತದೆ, ಹಳೆ ಬ್ಯಾಕಪ್ ಕೂಡ ನಡೆಯುತ್ತದೆ. ಪಬ್ಲಿಕ್ ಕೀ ಮಾತ್ರ ಕೆಲಸ ಕೊಡುವವರಿಗೆ ಮತ್ತೆ ಕಳಿಸಬೇಕು. ಈ ಸಲವೂ ಕಳಿಸಿ, ಇಲ್ಲದಿದ್ದರೆ ಅವರು 2024ರ ಕೀಗೇ ಬೀಗ ಹಾಕುತ್ತಿರುತ್ತಾರೆ.

---

ಮಳೆಹುಳ
ಭಾನುವಾರ, ರಾತ್ರಿ 8:30

ಮೇಷ್ಟ್ರೇ, ವರದಿ ಒಪ್ಪಿಸುತ್ತಿದ್ದೇನೆ.

ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ. ನಿನ್ನೆ ಸಂಜೆ 612 ಮೇಲ್ ಬಿಚ್ಚಿ ಲೋಕಲ್ ಫೋಲ್ಡರಿಗೆ ಹಾಕಿದೆ. ನಡುವೆ ಎರಡು ಸಲ ಕರೆಂಟ್ ಹೋಯಿತು, ಇನ್ವರ್ಟರ್ ಈಗ ಸರಿಯಾಗಿದೆ. ಸೊಟ್ಟ ಟೋಕನ್ ಕೊನೆಯವರೆಗೂ ದಮ್ಮು ಹಿಡಿದುಕೊಂಡಿತ್ತು.

ಪೆನ್ ಡ್ರೈವ್ ಓದಿತು. ಪಾಸ್‌ಫ್ರೇಸ್ ಮಾತ್ರ ನೆನಪಿದೆ ಅಂದುಕೊಂಡದ್ದು ತಪ್ಪಾಗಿತ್ತು. ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ಸಿಕ್ಕಿತು, ನಮ್ಮ ಹಳೆ ಎಮ್ಮೆಯ ಹೆಸರಿನ ಮುಂದೆ ನಾನು ಒಂದು ಅಂಕೆ ಸೇರಿಸಿದ್ದೆ. ಹೊಸದಕ್ಕೆ ಎಮ್ಮೆ ಬಿಟ್ಟು ಆರು ಪದ ಹಾಕಿದ್ದೇನೆ. ಬೀರುವಿನ ಟೋಕನ್ ಈಗ ಕೆಲಸಕ್ಕೆ ಹತ್ತಿದೆ. ಅದಕ್ಕೆ ಬೂಸ್ಟು ಗೀಸ್ಟು ಏನೂ ಹಿಡಿದಿರಲಿಲ್ಲ. 2022ರ ಒಂದು ಮೇಲ್ ತೆರೆದು ನೋಡಿದೆ. ನನ್ನ ಮೊದಲ ಕೆಲಸದ ಬಿಲ್ಲು.

ಬ್ಯಾಕಪ್ ಒಂದು ಶಿವಮೊಗ್ಗದಲ್ಲಿ ಅಕ್ಕನ ಮನೆಗೆ ಹೋಗುತ್ತದೆ, ಒಂದು ಇಲ್ಲೇ. ಪೇಪರ್‌ಕೀ ಅಂತ ಒಂದು ಪ್ರೋಗ್ರಾಂ ಕೂಡ ಸಿಕ್ಕಿತು, ರಹಸ್ಯ ಭಾಗವನ್ನು ಮಾತ್ರ ಕಾಗದಕ್ಕೆ ಇಳಿಸುತ್ತದೆ. ನನ್ನದು ಕರ್ವ್ 25519 ಎಂಬ ಚಿಕ್ಕ ಬಗೆಯ ಕೀ ಆದ್ದರಿಂದ ಕೆಲವೇ ಸಾಲು ಬಂತು. ಇಂಕ್‌ಜೆಟ್‌ನಲ್ಲಿ ಪ್ರಿಂಟ್ ತೆಗೆದರೆ ನಮ್ಮ ಥಂಡಿಗೆ ಶಾಯಿ ಹರಡುತ್ತದೆ ಅಂತ, ನಾಳೆ ಗೆಳತಿಯ ಲೇಸರ್ ಪ್ರಿಂಟರ್‌ನಲ್ಲೇ ತೆಗೆಯುತ್ತೇನೆ. ಇಡುವುದು ಎಲ್ಲಿ ಅಂತ ಯೋಚಿಸುತ್ತಿದ್ದೆ. ಅಮ್ಮ ಹೇಳಿದರು, ಈ ಮನೆಯಲ್ಲಿ ವರ್ಷವಿಡೀ ಬೂಸ್ಟು ಹಿಡಿಯದ ಜಾಗ ಅಡುಗೆಮನೆ ಒಲೆ ಮೇಲಿನ ಅಟ್ಟ ಒಂದೇ, ಸ್ಟೀಲ್ ಡಬ್ಬಿಗೆ ಹಾಕಿ ಹಪ್ಪಳದ ಪಕ್ಕ ಇಡು ಅಂತ. ಮತ್ತೆ ಒಲೆ ಹತ್ತಿರವೇ ಹೋಗುತ್ತಿದ್ದೇನೆ. ಕಾಗದ ತಾನೇ, ನಡೆಯುತ್ತದಾ ಮೇಷ್ಟ್ರೇ?

---

ಸಾಗರದ ಲ್ಯಾಬ್ ಮೇಷ್ಟ್ರು
ಭಾನುವಾರ, ರಾತ್ರಿ 9:10

ನಡೆಯುತ್ತದೆ. ಡಬ್ಬಿ ಮೇಲೆ ಹಪ್ಪಳ ಅಂತ ಬರೆಯಬೇಡಿ, ನೆಂಟರು ಬಂದಾಗ ಕರಿದುಬಿಡುತ್ತಾರೆ. ಮತ್ತೆ ಆ ಕಾಗದದಲ್ಲಿ ಪಬ್ಲಿಕ್ ಕೀ ಇರುವುದಿಲ್ಲ. ಅದು ಇಲ್ಲದೆ ಪೇಪರ್‌ಕೀ ಕೀಯನ್ನು ಮತ್ತೆ ಕಟ್ಟಿಕೊಡುವುದಿಲ್ಲ. ಪಬ್ಲಿಕ್ ಕೀ ಫೈಲನ್ನು ಅಕ್ಕನಿಗೂ ಒಂದು ಮೇಲ್ ಮಾಡಿಡಿ.